ಪದದ ಮೇಲೆ ಎರಡು ಕ್ಲಿಕ್: ಆರನೇ ವಾರದ ಕೆಲಸ

ಈ ವಾರ ‘ಊರಲ್ಲಿ’ ಎಂಬ ಪದಕ್ಕೆ ನನ್ನ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಕೊನೆಗೂ ಸರಿಯಾದ ಅರ್ಥ ತೋರಿಸಿತು. ಆ ಖುಷಿಯಲ್ಲೇ ಇದನ್ನು ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಬ್ರೌಸರ್‌ನಲ್ಲಿ ಏನನ್ನಾದರೂ ಓದುವಾಗ ಕನ್ನಡ ಪದವೊಂದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಲ್ಲೇ ಪಕ್ಕದಲ್ಲಿ ಅರ್ಥದ ಪುಟ್ಟ ಪೆಟ್ಟಿಗೆ ಮೂಡಬೇಕು. ಇಷ್ಟೇ ಯೋಜನೆ. ಪದಸಂಪತ್ತೆಲ್ಲ ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನದು. ದಶಕಗಳ ಕಾಲ ಒಬ್ಬರೇ ಕೂತು ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು 2019ರಲ್ಲಿ ಮುಕ್ತವಾಗಿ ಸಿಕ್ಕಿರದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಹೋದ ವಾರವೆಲ್ಲ ಒಂದೇ ದೋಷದ ಹಿಂದೆ ಹೋಯಿತು. ನನ್ನ ಯಂತ್ರದಲ್ಲಿ ಎಲ್ಲ ಸರಿಯಿತ್ತು. ತಂಗಿಯ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟರೆ, “ಅಕ್ಕ, ಮೊದಮೊದಲು ಅರ್ಥ ಬಂತು, ಕಾಫಿ ಕುಡಿದು ಬಂದ ಮೇಲೆ ಏನೂ ಬರ್ತಿಲ್ಲ” ಅಂದಳು. ಕ್ರೋಮ್ ಎಕ್ಸ್‌ಟೆನ್ಷನ್‌ಗಳ ಈಗಿನ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ3ರಲ್ಲಿ ಹಿನ್ನೆಲೆಯ ಕೆಲಸವನ್ನು ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಕ್ರೋಮ್‌ನಲ್ಲಿ 30 ಸೆಕೆಂಡು ಕೆಲಸವಿಲ್ಲದಿದ್ದರೆ ಅದು ನಿಂತುಹೋಗುತ್ತದೆ, ಅದರ ನೆನಪಿನಲ್ಲಿದ್ದದ್ದೂ ಹೋಗುತ್ತದೆ. ನಾನು ನಿಘಂಟನ್ನು ಆ ನೆನಪಿನಲ್ಲಷ್ಟೇ ಉಳಿಯುವ ಒಂದು ಗ್ಲೋಬಲ್ ವೇರಿಯಬಲ್‌ಗೆ, ಅದೂ ಇನ್‌ಸ್ಟಾಲ್ ಆದಾಗ ಒಮ್ಮೆ ಮಾತ್ರ, ತುಂಬಿಸಿದ್ದೆ. ವರ್ಕರ್ ಮತ್ತೆ ಎದ್ದಾಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ನನಗೇಕೆ ಕಾಣಲಿಲ್ಲ? ದೋಷ ಹುಡುಕುವ ಕಿಟಕಿ ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ವರ್ಕರ್ ನಿಲ್ಲುವುದಿಲ್ಲ, ನಾನು ಅದನ್ನು ಮುಚ್ಚುತ್ತಲೇ ಇರಲಿಲ್ಲ!

ಈಗ ಪದಗಳು ಬ್ರೌಸರ್‌ನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್‌ಡ್‌ಡಿಬಿಯಲ್ಲಿವೆ. ಅದನ್ನು ಪುಟದೊಳಗೆ ಓಡುವ ಕಂಟೆಂಟ್ ಸ್ಕ್ರಿಪ್ಟ್‌ನಿಂದ ತೆರೆಯಬೇಡಿ, ಭೇಟಿ ಕೊಟ್ಟ ಪ್ರತಿ ತಾಣದ ಹೆಸರಿನಲ್ಲೂ ಬೇರೆ ಬೇರೆ ಡೇಟಾಬೇಸ್ ಹುಟ್ಟಿಕೊಳ್ಳುತ್ತದೆ. ವರ್ಕರ್‌ನಲ್ಲೇ ತೆರೆದು, ಪುಟದಿಂದ ಸಂದೇಶ ಕಳಿಸಿ ಕೇಳಿ.

ಫೈರ್‌ಫಾಕ್ಸ್‌ನಲ್ಲಿ ಅಷ್ಟು ಕಷ್ಟವಾಗಲಿಲ್ಲ. ಅಲ್ಲಿ ಸರ್ವಿಸ್ ವರ್ಕರ್ ಬದಲು ಬ್ಯಾಕ್‌ಗ್ರೌಂಡ್ ಸ್ಕ್ರಿಪ್ಟ್. ಎರಡೂ ಬ್ರೌಸರ್‌ಗಳ 121ನೇ ಆವೃತ್ತಿಯಿಂದ ಒಂದೇ ಮ್ಯಾನಿಫೆಸ್ಟ್‌ನಲ್ಲಿ (ಎಕ್ಸ್‌ಟೆನ್ಷನ್‌ನ ವಿವರಗಳ ಕಡತ) ಎರಡನ್ನೂ ಬರೆಯಬಹುದು. ಮೊಜಿಲ್ಲಾದ ವೆಬ್-ಎಕ್ಸ್ಟ್ ಉಪಕರಣ ಕಡತ ಉಳಿಸಿದ ತಕ್ಷಣ ಎಕ್ಸ್‌ಟೆನ್ಷನ್ ಅನ್ನು ಮತ್ತೆ ಲೋಡ್ ಮಾಡುತ್ತದೆ. ತುಂಬ ಸಮಯ ಉಳಿಯಿತು.

ಇನ್ನು ನಿಜವಾದ ಕೆಲಸ. ನಿಘಂಟಿನಲ್ಲಿ ಇರುವುದು ‘ಊರು’, ಓದುವಾಗ ಸಿಗುವುದು ‘ಊರಲ್ಲಿ’. ವಿಭಕ್ತಿ ಪ್ರತ್ಯಯ ‘ಅಲ್ಲಿ’ ನಿಜ, ಆದರೆ ಅದರ ಅಕಾರ ರಕಾರದೊಳಗೆ ಕರಗಿದೆ. ಕೋಡ್‌ಗೆ ಕಾಣುವುದು ‘ಲ್ಲಿ’ ಮಾತ್ರ. ಅದನ್ನು ಕಳಚಿ ಉಕಾರ ಸೇರಿಸಬೇಕು. ‘ಮನೆಯಲ್ಲಿ’ಗೆ ಯಕಾರ ತೆಗೆಯಬೇಕು, ‘ಗುರುವಿಗೆ’ ಪದಕ್ಕೆ ವಕಾರ, ‘ಮರದಲ್ಲಿ’ಗೆ ದಕಾರ. ಹೈಸ್ಕೂಲಿನ ಆಗಮ ಸಂಧಿ, ಲೋಪ ಸಂಧಿಗಳನ್ನು ಮತ್ತೆ ಓದಿ ನಿಯಮ ಬರೆದೆ. ಬರೆದ ಸಂಜೆಯೇ ‘ಹೋಳಿಗೆ’ಯ ಮೇಲೆ ಕ್ಲಿಕ್ ಮಾಡಿದರೆ ‘ಹೋಳು’ ಅಂತ ಅರ್ಥ ಬಂತು! ಕೊನೆಯ ‘ಇಗೆ’ಯನ್ನು ಚತುರ್ಥಿ ಎಂದುಕೊಂಡು ಕತ್ತರಿಸಿತ್ತು. ಸಂಪಿಗೆಗೂ ಅದೇ ಗತಿ. ಈಗ ಮೊದಲು ಇಡೀ ಪದವನ್ನೇ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಕಳಚುತ್ತದೆ. ‘ಹಾಡಿಗೆ’ ಅಂದರೆ ಹಾಡೂ ಆಗಬಹುದು, ಹಾಡಿಯೂ ಆಗಬಹುದು. ಅಂಥ ಕಡೆ ಎರಡನ್ನೂ ತೋರಿಸುತ್ತೇನೆ, ತೀರ್ಮಾನ ಓದುಗರದು.

ಒಂದು ಪುಟದಲ್ಲಿ ‘ತೊರೆ’ ಸಿಗಲೇ ಇಲ್ಲ. ನೋಡಿದರೆ ಅಲ್ಲಿ ಒಕಾರದ ಗುಣಿತ ಒಂದೇ ಯೂನಿಕೋಡ್ ಸಂಕೇತವಾಗಿರದೆ, ಎಕಾರ ಮತ್ತು ಊಕಾರದ ಗುಣಿತಗಳಾಗಿ ಒಡೆದು ಕೂತಿತ್ತು. ಕಣ್ಣಿಗೆ ಎರಡೂ ಒಂದೇ. ಇಂಥ ಒಡೆದ ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ನಾರ್ಮಲೈಸ್‌ನ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಮುಂದಿನ ವಾರ ಕ್ರಿಯಾಪದಗಳು. ಬಂದ, ತಂದ, ನೊಂದ, ಬೆಂದ ಒಂದೇ ಅಚ್ಚಿನಂತೆ ಕಾಣುತ್ತವೆ, ಧಾತು ಮಾತ್ರ ಬರು, ತರು, ನೋಯು, ಬೇಯು. ಇವಕ್ಕೆ ನಿಯಮ ಹೊಸೆಯುವ ಬದಲು ಕೈಯಾರೆ ಪಟ್ಟಿ ಮಾಡುತ್ತಿದ್ದೇನೆ. ನಿನ್ನೆ ರಾತ್ರಿಗೆ 62 ಧಾತು ಆಗಿವೆ.