ತೇಲದ ತೋಟ

27 ಅಕ್ಟೋಬರ್ 2024, ಭಾನುವಾರ, ಮೆಕ್ಸಿಕೋ ಸಿಟಿ

ಬೆಳಗ್ಗೆ ಐದಕ್ಕೇ ಎದ್ದು ಸೋಚಿಮಿಲ್ಕೋಗೆ ಹೋಗಿದ್ದೆ. ಊರಿನ ದಕ್ಷಿಣದ ತುದಿ ಅದು. ಭಾನುವಾರ ಹತ್ತು ಗಂಟೆ ಆಯಿತೆಂದರೆ ಅಲ್ಲಿನ ಕಾಲುವೆಗಳಲ್ಲಿ ಜಾತ್ರೆ, ಬಣ್ಣದ ದೋಣಿಗಳು, ಹಾಡು, ತಿಂಡಿ, ಜನ. ನನಗೆ ಬೇಕಿದ್ದದ್ದು ಹೊಲ ನೋಡುವುದು. ಅದಕ್ಕೇ ಕತ್ತಲಿರುವಾಗಲೇ ಕ್ವೆಮಾಂಕೋ ದೋಣಿಕಟ್ಟೆಗೆ ಹೋಗಿ ಕೂತೆ. ಅಲ್ಲೇ ಹೊಲ ಇರುವ ಹಿರಿಯರೊಬ್ಬರು ಕರೆದುಕೊಂಡು ಹೋದರು. ನೀರಿನ ಮೇಲೆ ಮಂಜು, ದಡದಲ್ಲಿ ಬೆಳ್ಳಕ್ಕಿ, ಎರಡೂ ಕಡೆ ನೆಟ್ಟಗೆ ನಿಂತ ಮರಗಳು. ಎರಡು ಕೋಟಿ ಜನರ ನಗರದೊಳಗೆ ಇದ್ದೇನೆ ಅಂತ ಅನಿಸಲೇ ಇಲ್ಲ.

ಈ ಹೊಲಗಳಿಗೆ ಚಿನಾಂಪಾ ಅಂತ ಹೆಸರು. ಎಲ್ಲಿ ಓದಿದರೂ "ತೇಲುವ ತೋಟ" ಅಂತ ಬರೆದಿರುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ತೇಲುವುದಿಲ್ಲ! ಕೆರೆಯ ತಳದಿಂದಲೇ ಎಬ್ಬಿಸಿ ಕಟ್ಟಿದ ಗಟ್ಟಿ ನೆಲ ಅದು. ಇಳಿದು ನಿಂತರೆ ಕಾಲಡಿ ಸ್ವಲ್ಪ ಮೆತ್ತಗೆ ಅನಿಸುತ್ತದೆ, ಅಷ್ಟೆ.

ಕಟ್ಟುವ ರೀತಿ ಹೀಗೆ. ಕೆರೆ ಆಳ ಇಲ್ಲದ ಕಡೆ ಉದ್ದಕ್ಕೆ ಗೂಟ ನೆಟ್ಟು, ಗೂಟಗಳ ನಡುವೆ ಜೊಂಡು, ಕಡ್ಡಿ ಹೆಣೆದು ತಟ್ಟಿ ಮಾಡುತ್ತಾರೆ. ಚಿನಾಮಿತ್ಲ್ ಅಂದರೆ ಇಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಜೊಂಡಿನ ಬೇಲಿ, ಹೆಸರು ಬಂದದ್ದೇ ಅಲ್ಲಿಂದ. ಬೇಲಿಯೊಳಗೆ ನೀರುಗಿಡಗಳ ಒಂದು ಪದರ, ಅದರ ಮೇಲೆ ತಳದಿಂದ ಎತ್ತಿದ ಕೆಸರು, ಮತ್ತೆ ಗಿಡ, ಮತ್ತೆ ಕೆಸರು. ನೀರಿಗಿಂತ ಮೇಲೆ ಬರುವವರೆಗೂ ಇದೇ ಕೆಲಸ. ಆಮೇಲೆ ಅಂಚಿನಲ್ಲಿ ಅವೆಹೋತೆ ಅನ್ನುವ ಒಂದು ಜಾತಿಯ ವಿಲೋ ಮರ ನೆಡುತ್ತಾರೆ. ಅದರ ಬೇರು ದಡವನ್ನು ಹಿಡಿದುಕೊಳ್ಳುತ್ತದೆ. ಕೊಂಬೆಗಳು ಅಗಲಕ್ಕೆ ಹರಡದೆ ಮೇಲಕ್ಕೇ ಹೋಗುವುದರಿಂದ ಬೆಳೆಗೆ ನೆರಳೂ ಆಗುವುದಿಲ್ಲ. ಬೆಳಗ್ಗೆ ನಾನು ಕಂಡ ನೆಟ್ಟಗಿನ ಮರಗಳು ಇವೇ.

ಹೊಲಗಳೆಲ್ಲ ಉದ್ದ, ಅಗಲ ಕಮ್ಮಿ. ಯಾಕೆ ಅಂತ ಕೇಳಿದೆ. ಅವರು ಬಗ್ಗಿ ಹೊಲದ ನಡುವೆ ಒಂದು ಹಿಡಿ ಮಣ್ಣು ಎತ್ತಿ ನನ್ನ ಕೈಗೆ ಕೊಟ್ಟರು. ತಂಪು, ಒದ್ದೆ. ಎರಡೂ ಕಡೆಯ ಕಾಲುವೆಯಿಂದ ನೀರು ಒಳಗೊಳಗೇ ಇಂಗಿ ಬೇರಿಗೆ ಬರುತ್ತದೆ. ಅಗಲ ಜಾಸ್ತಿ ಆದರೆ ನಡುವಿಗೆ ತಲುಪುವುದಿಲ್ಲ. ಸುತ್ತ ನೀರಿರುವುದರಿಂದ ರಾತ್ರಿಯ ಚಳಿಯೂ ಸ್ವಲ್ಪ ಕಮ್ಮಿ ಆಗುತ್ತದೆ. ಈ ಕಣಿವೆ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ಹಿಮ ಬಿದ್ದು ಬೆಳೆ ಸುಟ್ಟುಹೋಗುವ ಭಯ ಇಲ್ಲಿ ಯಾವಾಗಲೂ ಇದೆ.

ನನಗೆ ಬಹಳ ಇಷ್ಟವಾಗಿದ್ದು ಸಸಿ ಮಡಿ. ಉದ್ದನೆ ಕೋಲಿನ ತುದಿಗೆ ಕಟ್ಟಿದ ಚೀಲದಿಂದ ಕಾಲುವೆಯ ತಳದ ಕೆಸರು ಬಾಚಿ ದೋಣಿಗೆ ತುಂಬುತ್ತಾರೆ, ತಂದು ಹೊಲದ ಅಂಚಿನಲ್ಲಿ ಕೆಲವು ಬೆರಳು ದಪ್ಪಕ್ಕೆ ಹರಡುತ್ತಾರೆ, ನೀರು ಬಸಿದು ಅದು ಗಟ್ಟಿ ಮೊಸರಿನಷ್ಟು ಹದಕ್ಕೆ ಬಂದಾಗ ಮೈಸೂರುಪಾಕ್ ಕತ್ತರಿಸುವ ಹಾಗೆ ಚೌಕ ಚೌಕವಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕಕ್ಕೂ ಬೆರಳಲ್ಲಿ ಒಂದು ಗುಳಿ, ಒಂದು ಬೀಜ, ಮೇಲೆ ಒಂದಿಷ್ಟು ಒಣಗೊಬ್ಬರದ ಪುಡಿ. ಇದಕ್ಕೆ ಚಾಪಿನ್ ಅನ್ನುತ್ತಾರೆ. ಸಸಿ ಬಂದ ಮೇಲೆ ಚೌಕವನ್ನೇ ಎತ್ತಿ ನಾಟಿ ಮಾಡಿದರಾಯಿತು, ಬೇರಿಗೆ ನೋವೇ ಇಲ್ಲ. ಹೊಲದಲ್ಲಿ ಒಂದು ಬೆಳೆ ನಿಂತಿರುವಾಗಲೇ ಮಡಿಯಲ್ಲಿ ಮುಂದಿನದು ತಯಾರಾಗುತ್ತಿರುತ್ತದೆ. ನೆಲ ಖಾಲಿ ಬೀಳುವುದೇ ಇಲ್ಲ, ವರ್ಷಕ್ಕೆ ಹಲವು ಬೆಳೆ ಬರುವುದು ಹೀಗೆ. ಇವತ್ತು ಅವರ ಮಡಿಯಲ್ಲಿದ್ದದ್ದು ಲೆಟ್ಯೂಸ್. ಸ್ಪೇನಿನವರು ಬರುವ ಮುಂಚೆ ಇಲ್ಲಿ ಆಳುತ್ತಿದ್ದ ಅಜ್ಟೆಕರ ಕಾಲದಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ, ರಾಜಗಿರಿ, ಟೊಮೆಟೊ, ಮೆಣಸಿನಕಾಯಿ.

ಇದನ್ನೆಲ್ಲ ಅಜ್ಟೆಕರೇ ಕಂಡುಹಿಡಿದರು ಅನ್ನುವುದೂ ಸರಿಯಲ್ಲ. ಅವರಿಗಿಂತ ಮುಂಚೆಯೇ ಸೋಚಿಮಿಲ್ಕೋ, ಚಾಲ್ಕೋ ಕಡೆಯ ಜನ ಹೀಗೆ ಬೆಳೆಯುತ್ತಿದ್ದರು. ಅಜ್ಟೆಕರು 1325ರ ಹೊತ್ತಿಗೆ ಕೆರೆ ನಡುವಿನ ದ್ವೀಪದಲ್ಲಿ, ಈಗ ಮೆಕ್ಸಿಕೋ ಸಿಟಿ ಇರುವ ಜಾಗದಲ್ಲೇ, ತಮ್ಮ ರಾಜಧಾನಿ ತೆನೊಚ್ಟಿಟ್ಲಾನ್ ಕಟ್ಟಿದರು, 1430ರ ಸುಮಾರಿಗೆ ಇಟ್ಸ್ಕೋಆಟ್ಲ್ ರಾಜ ಸೋಚಿಮಿಲ್ಕೋ ಗೆದ್ದ. ಆಮೇಲೆ ಈ ಬೇಸಾಯ ದೊಡ್ಡದಾಯಿತು. ಅಲ್ಲಿ ಎತ್ತು ಇಲ್ಲ, ಕುದುರೆ ಇಲ್ಲ, ಗಾಡಿಯೂ ಇಲ್ಲ. ಆದರೆ ಹೊಲದ ಪಕ್ಕದಿಂದ ಹೊರಟ ದೋಣಿ ನೇರ ನಗರಕ್ಕೇ ಹೋಗುತ್ತಿತ್ತು. ಅಷ್ಟು ದೊಡ್ಡ ನಗರಕ್ಕೆ ಊಟ ಹೇಗೆ ಮುಟ್ಟುತ್ತಿತ್ತು ಅಂತ ನನಗೆ ಅರ್ಥವಾದದ್ದು ಇವತ್ತು ದೋಣಿಯಲ್ಲಿ ಕೂತಾಗ.

ಆದರೆ ಎಲ್ಲ ನೀರೂ ಬೇಸಾಯಕ್ಕೆ ಆಗುತ್ತಿರಲಿಲ್ಲ. ಈ ಕಣಿವೆಯಿಂದ ನೀರು ಹೊರಗೆ ಹರಿದು ಹೋಗಲು ದಾರಿಯೇ ಇರಲಿಲ್ಲ. ಇದ್ದ ಐದು ಕೆರೆಗಳಲ್ಲಿ ತೆಸ್ಕೋಕೋ ಎಲ್ಲಕ್ಕಿಂತ ತಗ್ಗಿನಲ್ಲಿತ್ತು, ಎಲ್ಲ ಉಪ್ಪೂ ಅಲ್ಲಿಗೇ ಬಂದು ಸೇರುತ್ತಿತ್ತು. ದಕ್ಷಿಣದ ಸೋಚಿಮಿಲ್ಕೋ, ಚಾಲ್ಕೋ ಕೆರೆಗಳಿಗೆ ಬೆಟ್ಟದ ಬುಡದ ಊಟೆಗಳಿಂದ ಸಿಹಿನೀರು ಬರುತ್ತಿತ್ತು, ಚಿನಾಂಪಾಗಳು ಅಲ್ಲೇ ಹೆಚ್ಚಾಗಿ ಹಬ್ಬಿದ್ದು ಅದಕ್ಕೇ. ಮಳೆಗಾಲದಲ್ಲಿ ತೆಸ್ಕೋಕೋ ಉಕ್ಕಿದರೆ ಉಪ್ಪುನೀರು ನಗರದ ಸುತ್ತಲಿನ ಹೊಲಗಳಿಗೆ ನುಗ್ಗುತ್ತಿತ್ತು. 1449ರ ದೊಡ್ಡ ಪ್ರವಾಹದ ನಂತರ ಅದೇ ಹೆಸರಿನ ತೆಸ್ಕೋಕೋ ನಗರದ ರಾಜ ನೆಸಾವಾಲ್ಕೋಯೋಟ್ಲ್ ಮುಂದೆ ನಿಂತು ಕೆರೆಗೆ ಅಡ್ಡಲಾಗಿ ಸುಮಾರು 16 ಕಿಲೋಮೀಟರ್ ಉದ್ದದ ಏರಿ ಕಟ್ಟಿಸಿದ. ಮರದ ಗೂಟ, ಕಲ್ಲು, ಮಣ್ಣು, ಅಷ್ಟೆ. ಏರಿಯ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು. ಇಂಥ ಕೆಲಸಕ್ಕೆ ಎಷ್ಟು ತಲೆ, ಎಷ್ಟು ಕೈ ಬೇಕು ಅಲ್ವಾ! ಅಜ್ಟೆಕರು ಅಂದರೆ ಬಲಿ, ಯುದ್ಧ ಅಂತ ಮಾತ್ರ ಹೇಳುತ್ತಾರೆ, ಈ ಏರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ ಅನ್ನುವುದು ನನಗೆ ಬೇಜಾರು.

1521ರಲ್ಲಿ ನಗರ ಸ್ಪೇನಿನವರ ಕೈಗೆ ಹೋಯಿತು. ಪ್ರವಾಹ ಬಂದಾಗೆಲ್ಲ ಅವರು ಕೆರೆಯನ್ನೇ ಖಾಲಿ ಮಾಡುವ ದಾರಿ ಹುಡುಕಿದರು, 1607ರಲ್ಲಿ ಬೆಟ್ಟ ಕೊರೆದು ನೀರು ಹೊರಹಾಕುವ ಕೆಲಸ ಶುರುವಾಯಿತು. 20ನೇ ಶತಮಾನದ ಆರಂಭದಲ್ಲಿ ಸೋಚಿಮಿಲ್ಕೋದ ಊಟೆಗಳ ನೀರನ್ನೂ ನಗರಕ್ಕೆ ಎಳೆದುಕೊಂಡರು. ಈಗ ಈ ಕಾಲುವೆಗಳಿಗೆ ಬಿಡುವುದು ನಗರದ ಕೊಳಚೆಯನ್ನು ಶುದ್ಧಮಾಡಿದ ನೀರು. 1987ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ, ಆದರೂ ಎಷ್ಟೋ ಚಿನಾಂಪಾಗಳು ಪಾಳು ಬಿದ್ದಿವೆ, ಕೆಲವು ಫುಟ್‌ಬಾಲ್ ಮೈದಾನ ಆಗಿವೆ. ಅಹೊಲೋತೆ ಅನ್ನುವ, ಕತ್ತಿನ ಪಕ್ಕ ಗರಿಯಂಥ ಕಿವಿರು ಇರುವ ಪುಟ್ಟ ಪ್ರಾಣಿ ಸಹಜವಾಗಿ ಬದುಕಿರುವುದು ಇಲ್ಲಿ ಮಾತ್ರ, ಅದೂ ಅಳಿಯುವ ಹಂತದಲ್ಲಿದೆ. ಒಬ್ಬರು ಹೊಲ ಬಿಟ್ಟರೆ ಪಕ್ಕದ ಕಾಲುವೆಯ ಕೆಸರು ಎತ್ತುವವರಿಲ್ಲ, ಕಾಲುವೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಪಕ್ಕದವರ ಹೊಲಕ್ಕೂ ನೀರಿಲ್ಲ. ಇದನ್ನು ಹೇಳುವಾಗ ಆ ಹಿರಿಯರ ದನಿ ಸಣ್ಣದಾಯಿತು.

ವಾಪಸ್ ಬರುವಾಗ ಒಂದು ತಿರುವಿನಲ್ಲಿ ಹೊಲದ ತುಂಬ ಚೆಂಡು ಹೂವು! ಮುಂದಿನ ಶನಿವಾರ ಇಲ್ಲಿ ಸತ್ತವರ ಹಬ್ಬ, ಹಿರಿಯರಿಗೆ ಎಡೆ ಇಡಲು ಈ ಹೂವೇ ಬೇಕು. ಇದರ ಮೂಲ ನಾಡೇ ಮೆಕ್ಸಿಕೋ. ಇದೇ ವಾರ ನಮ್ಮಲ್ಲಿ ದೀಪಾವಳಿ, ಅಮ್ಮ ಬಾಗಿಲಿಗೆ ಕಟ್ಟುವುದೂ ಇದೇ ಹೂವು. ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ರಾತ್ರಿ ಎಂಟಕ್ಕೆ ಮನೆಗೆ ಫೋನ್ ಮಾಡಿದೆ, ಅಲ್ಲಿ ಬೆಳಗ್ಗೆ ಏಳೂವರೆ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ಅಪ್ಪ ಗದ್ದೆಗೆ ಗಾಡಿಗಟ್ಟಲೆ ಕೆರೆಗೋಡು ಹೊಡೆಯುತ್ತಿದ್ದರು. ಇಲ್ಲಿ ವರ್ಷವಿಡೀ ಗೋಡು ಎತ್ತುತ್ತಾರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರೆ ಮಣ್ಣಿನ ಥರ ಒಣಗಿದ್ರೆ ಬಿರುಕು ಬಿಡ್ತದಾ ಮಗಾ?" ಅಂತ ಕೇಳಿದರು.

"ಒಣಗೋಕೆ ಬಿಡೋದೇ ಇಲ್ಲ ಅಪ್ಪ" ಅಂದೆ.

"ಚೀಲ ಕಟ್ಟಿದ ಆ ಕೋಲು ಎಷ್ಟು ಉದ್ದ?"

ನಾನು ಅಳತೆ ನೋಡಿರಲಿಲ್ಲ. ಎರಡು ವಾರ ಬಿಟ್ಟು ನಾಟಿ ಇದೆ, ಬಾ ಅಂದಿದ್ದಾರೆ ಆ ಹಿರಿಯರು. ಆವಾಗ ನೋಡಿಕೊಂಡು ಬರಬೇಕು.