ಕೆಂಪು ಬ್ಲೌಸು, ಹಣೇಲಿ ಬೂದಿ

2026ರಲ್ಲಿ ಚೈನೀಸ್ ನ್ಯೂ ಇಯರ್ ಬಂದಿದ್ದು ಫೆಬ್ರವರಿ 17ಕ್ಕೆ, ಮಾರನೇ ದಿನವೇ ಬೂದಿ ಬುಧವಾರ, ಅಂದ್ರೆ ಈಸ್ಟರ್‌ಗೆ ಮುಂಚಿನ ಕ್ಯಾಥೊಲಿಕ್ಕರ ಉಪವಾಸ ಕಾಲ ಶುರುವಾಗೋ ದಿನ. ಸಿಂಗಾಪುರದ ನಮ್ಮ ಪಕ್ಕದ್ಮನೆ ಆಂಟಿ ಚೀನೀಯರು, ಜೊತೆಗೆ ಕ್ಯಾಥೊಲಿಕ್ಕು, ಹಾಗಾಗಿ ಹಬ್ಬದ ಸಡಗರ ಉಪವಾಸ ಎರಡೂ ಒಂದೇ ಮನೆಗೆ ಒಟ್ಟಿಗೆ ಬಂದ್ವು. ಕ್ರಿಸ್ಮಸ್ ಟೈಮಲ್ಲೇ ಹೊಸ ಕ್ಯಾಲೆಂಡರ್ ತಿರುವಿ "ನೋಡು ಗರ್ಲ್, ಸರಿಯಾಗಿ ಎರಡನೇ ದಿನಕ್ಕೇ ಬಂದಿದೆ" ಅಂತ ತೋರ್ಸಿದ್ರು.

ಎರಡನೇ ದಿನ ಅಂದ್ರೆ ಮದುವೆಯಾದ ಹೆಣ್ಮಕ್ಕಳು ತವರಿಗೆ ಬರೋ ದಿನ. ಇದನ್ನ ನಮ್ಮೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ ಬಿಡಿ. ಮಗಳು, ಅಳಿಯ, ಮೊಮ್ಮಕ್ಕಳು ಬಂದ್ರೆ ಕೋಳಿ, ಹಂದಿ ಮಾಂಸ ಅಂತ ಮೇಜು ತುಂಬ ಮಾಡಿ ಬಡಿಸ್ದಿದ್ರೆ ತಾಯಿ ಜೀವಕ್ಕೆ ಸಮಾಧಾನ ಇರಲ್ಲ. ಆದ್ರೆ ಬೂದಿ ಬುಧವಾರ ಮಾಂಸ ಮುಟ್ಟೋ ಹಾಗಿಲ್ಲ, 18ರಿಂದ 59 ವಯಸ್ಸಿನೋರು ಒಂದೇ ಹೊತ್ತು ಹೊಟ್ಟೆ ತುಂಬ ಉಣ್ಬೇಕು. ಆಂಟಿಗೆ ಎಪ್ಪತ್ತು ದಾಟಿದೆ, ಉಪವಾಸದ ನಿಯಮ ಅವ್ರಿಗೆ ಅನ್ವಯ ಆಗಲ್ಲ, ಆದ್ರೂ ಅವ್ರು ಬಿಡಲ್ಲ.

ನನಗೆ ಊಟಕ್ಕಿಂತ ಇನ್ನೊಂದು ವಿಷಯ ತಲೆಗೆ ಹತ್ತಿತ್ತು. ಚೀನೀಯರು ಹೊಸವರ್ಷದಲ್ಲಿ ಸಾವಿನ ಮಾತೇ ಎತ್ತಲ್ಲ, ನಾಲ್ಕು ಅನ್ನೋ ಸಂಖ್ಯೆ ಅವ್ರ ಭಾಷೇಲಿ ಸಾವು ಅನ್ನೋ ಪದದ ಥರ ಕೇಳ್ಸುತ್ತೆ ಅಂತ ಕೆಂಪು ಕವರಲ್ಲಿ ದುಡ್ಡು ಹಾಕುವಾಗ ಅದನ್ನೂ ತಪ್ಪಿಸ್ತಾರೆ, ಮೊದಲ ದಿನ ಅದೃಷ್ಟ ಆಚೆ ಹೋಗಿಬಿಡುತ್ತೆ ಅಂತ ಕಸಾನೂ ಗುಡಿಸಲ್ಲ. ಅಂಥದ್ರಲ್ಲಿ ಮಾರನೇ ದಿನ ಚರ್ಚಲ್ಲಿ ಫಾದರ್ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಸೇರ್ತೀಯ ಅಂತಾರೆ!

ಬುಧವಾರ ಬೆಳಿಗ್ಗೆ ಲಿಫ್ಟಲ್ಲಿ ಸಿಕ್ಕಿದ್ರು. ಕೆಂಪು ರೇಷ್ಮೆ ಬ್ಲೌಸು, ಹಣೇಲಿ ಬೂದಿ ಶಿಲುಬೆ, ಒಂದಿಷ್ಟು ಮೂಗಿನ ತುದಿಗೂ ಉದುರಿತ್ತು. ವಿಭೂತಿ ಇಟ್ಕೊಂಡು ದೇವಸ್ಥಾನದಿಂದ ಬರ್ತಿದ್ದ ನಮ್ಮಜ್ಜಿ ನೆನಪಾದ್ರು. ಅಪಶಕುನ ಅನ್ಸಲ್ವಾ ಆಂಟಿ ಅಂತ ಕೇಳೇಬಿಟ್ಟೆ. "ದೇವರು ಹೇಳಿದ್ರೆ ಅಪಶಕುನ ಹೇಗಾಗುತ್ತೆ" ಅಂದ್ರು, ಅಷ್ಟೇ, ರಾತ್ರಿ ಊಟಕ್ಕೆ ಬಾ ಅಂತ ಹೇಳಿ ಹೋದ್ರು.

ಎರಡು ಕಿತ್ತಳೆ ತಗೊಂಡು ಹೋದೆ, ತಾಂಬೂಲಕ್ಕೆ ಬಾಳೆಹಣ್ಣು ಜೋಡಿ ಕೊಡೋ ಥರ ಇಲ್ಲೂ ಜೋಡೀನೇ ಕೊಡ್ಬೇಕು, ಎರಡೂ ಕೈಯಲ್ಲಿ. ಮೇಜಿನ ಮಧ್ಯ ದೊಡ್ಡ ತಟ್ಟೇಲಿ ಯೂಶೆಂಗ್: ಎಳೆ ಎಳೆಯಾಗಿ ತುರಿದ ಕ್ಯಾರೆಟ್ಟು, ಮೂಲಂಗಿ, ಚಕ್ಕೋತದ ಎಸಳು, ಕಡ್ಲೇಕಾಯಿ ಪುಡಿ, ಎಳ್ಳು, ಮೇಲೆ ಹಸಿ ಸಾಲ್ಮನ್. ಮೀನು ಬೂದಿ ಬುಧವಾರಕ್ಕೆ ನಡೆಯುತ್ತೆ, ಹೊಸವರ್ಷಕ್ಕಂತೂ ಬೇಕೇ ಬೇಕು, ಯಾಕಂದ್ರೆ 'ಯೂ' ಅಂದ್ರೆ ಮೀನು, ಅದೇ ಥರ ಕೇಳ್ಸೋ ಇನ್ನೊಂದು ಪದಕ್ಕೆ ಮಿಕ್ಕಿ ಉಳಿಯೋದು ಅಂತ ಅರ್ಥ. ಎಲ್ರೂ ನಿಂತು ಚಾಪ್‌ಸ್ಟಿಕ್ಕಲ್ಲಿ "ಹುವಾತ್ ಆ!" (ಏಳಿಗೆಯಾಗ್ಲಿ!) ಅಂತ ಕೂಗ್ತಾ ಮೇಲಕ್ಕೆತ್ತಿ ಕಲಸಿದ್ವಿ, ಎಷ್ಟು ಎತ್ತರ ಹಾರಿದ್ರೆ ಅಷ್ಟು ಒಳ್ಳೇದಂತೆ. ಮೊಮ್ಮಗನ ಕ್ಯಾರೆಟ್ಟು ಆಂಟಿ ಹಣೇಗೇ ಬಿತ್ತು, ಬೂದಿ ಅಳಿಸಬಾರ್ದು ಅಂತ ಮಗಳು ಉಗುರಿನ ತುದೀಲಿ ಮೆಲ್ಲಗೆ ತೆಗೆದ್ಲು.

ಗೋಡೆ ಮೇಲೆ ಯೇಸು, ಕೆಳಗೆ ಆಂಟಿ ಅತ್ತೆ ಮಾವನ ಫೋಟೋ, ಅದರ ಮುಂದೆ ಹೂವು, ಕಿತ್ತಳೆ. ಈಗ ಇದು ಸಹಜ ಅನ್ಸುತ್ತೆ, ಆದ್ರೆ ಚೀನೀ ಕ್ರೈಸ್ತರು ಹಿರಿಯರಿಗೆ ಹೀಗೆ ಗೌರವ ಸಲ್ಲಿಸೋದನ್ನ 1715ರಲ್ಲಿ ಪೋಪ್ ಹನ್ನೊಂದನೇ ಕ್ಲೆಮೆಂಟ್ ನಿಷೇಧಿಸಿದ್ರು, 1742ರಲ್ಲಿ ಅದು ಇನ್ನೂ ಬಿಗಿಯಾಯ್ತು, ಸಡಿಲ ಆಗಿದ್ದು 1939ರಲ್ಲಿ. ಇನ್ನೂರು ವರ್ಷಕ್ಕಿಂತ ಹೆಚ್ಚು! ಅಪ್ಪ ಅಮ್ಮಂಗೆ ನಮಸ್ಕಾರ ಮಾಡ್ಬೇಕೋ ದೇವರನ್ನ ನಂಬ್ಬೇಕೋ ಅಂತ ಎಷ್ಟು ಮನೆಗಳು ಸಂಕಟ ಪಟ್ಟಿರ್ಬೇಕು, ನೆನೆಸ್ಕೊಂಡ್ರೆ ಹೊಟ್ಟೆಲಿ ಏನೋ ಆಗುತ್ತೆ.

ಈ ಹಬ್ಬಗಳು ಹೀಗೆ ಜೊತೆಯಾಗೋದಕ್ಕೆ ಚಂದ್ರನೇ ಕಾರಣ. ಚೀನೀ ತಿಂಗಳು ಅಮಾವಾಸ್ಯೆ ದಿನ ಶುರು, ಈಸ್ಟರ್ ವಸಂತದ ಹುಣ್ಣಿಮೆ ಕಳೆದು ಬರೋ ಭಾನುವಾರ, ಬೂದಿ ಬುಧವಾರ ಅದಕ್ಕೆ 46 ದಿನ ಮುಂಚೆ. ಮಧ್ಯದಲ್ಲಿ ಮಾರ್ಚ್ 19ಕ್ಕೆ ನಮ್ಮ ಯುಗಾದೀನೂ ಬಂತು, ಆಂಟಿಗೆ ಬೇವು ಬೆಲ್ಲ ಕೊಟ್ಟೆ, ಮುಖ ಹಿಂಡಿದ್ರೂ ಪೂರ್ತಿ ತಿಂದ್ರು.

ಆಮೇಲೆ ಏಪ್ರಿಲ್ 5ಕ್ಕೆ ಈಸ್ಟರೂ, ಹಿರಿಯರ ಸಮಾಧಿ ಶುಚಿ ಮಾಡೋ ಚಿಂಗ್‌ಮಿಂಗೂ ಒಂದೇ ದಿನ. ಆಂಟಿ ಒಂದು ವಾರ ಮುಂಚೇನೇ, ಚರ್ಚಲ್ಲಿ ತಾಳೆಗರಿ ಹಂಚೋ ಗರಿಗಳ ಭಾನುವಾರ ಪೂಜೆ ಮುಗಿಸ್ಕೊಂಡು, ಗಂಡನ ಅಸ್ಥಿ ಇಟ್ಟಿರೋ ಕಡೆ ಹೊರಟ್ರು, ನಾನೂ ಹೋದೆ. ಗೋಡೆ ತುಂಬ ಸಣ್ಣ ಸಣ್ಣ ಗೂಡು. ಒದ್ದೆ ಬಟ್ಟೇಲಿ ಚೀನೀ ಅಕ್ಷರದ ಹೆಸರು ಒರೆಸಿದ್ರು, ಕೆಳಗಿದ್ದ ಕ್ರಿಶ್ಚಿಯನ್ ಹೆಸರು ಒರೆಸಿದ್ರು. ಚರ್ಚಿಂದ ತಂದಿದ್ದ ಗರೀಲಿ ಒಂದು ಎಳೆ ಸೀಳಿ ಫೋಟೋ ಪಕ್ಕ ಸಿಕ್ಕಿಸಿ, ಉಳಿದದ್ದನ್ನ ಬ್ಯಾಗಲ್ಲಿ ಹುಷಾರಾಗಿ ಮಡಚಿಟ್ರು. ಮುಂದಿನ ವರ್ಷ ಚರ್ಚಿಗೆ ವಾಪಸ್ ಕೊಡ್ಬೇಕಂತೆ, ಅದನ್ನ ಸುಟ್ಟೇ ಬೂದಿ ಮಾಡೋದು.