ಮಗನ ಕೈಗೆ ಅಡುಗೆಮನೆ ಕೊಟ್ಟರೆ ಭಯ ಆಗಲ್ವಾ?

ನಮ್ಮ ಮನೆಯಲ್ಲಿ ಶನಿವಾರ ರಾತ್ರಿಯ ಅಡುಗೆ 11 ವರ್ಷದ ಮಗನದು. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ: ಅಷ್ಟು ಚಿಕ್ಕವನ ಕೈಗೆ ಗ್ಯಾಸು, ಕುಕ್ಕರು ಎಲ್ಲ ಕೊಡ್ತೀರಲ್ಲ, ಭಯ ಆಗಲ್ವಾ?

ಆಗುತ್ತದೆ. ಅದಕ್ಕೇ ನಾನು ಅಲ್ಲೇ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿರುತ್ತೇನೆ. ಬೆಂಕಿ, ಚಾಕು, ಕುಕ್ಕರ್ ವಿಷಯದಲ್ಲಿ ನಾನು ಹೇಳಿದ್ದೇ ಆಗಬೇಕು. ಏನು ಅಡುಗೆ, ಉಪ್ಪು ಹುಳಿ ಖಾರ ಎಷ್ಟು ಅನ್ನುವುದೆಲ್ಲ ಅವನಿಗೆ ಬಿಟ್ಟಿದ್ದು.

ಈಳಿಗೆಮಣೆ ಸದ್ಯಕ್ಕೆ ಬೇಡ, ಸಣ್ಣ ಚಾಕು ಸಾಕು. ಹತ್ತಿ ಬಟ್ಟೆಯೇ ಹಾಕಿಕೊಂಡಿರಬೇಕು. ಕುಕ್ಕರ್ ಒಳಗೆ ಶಾಖ ಹತ್ತಿರ ಹತ್ತಿರ 120 ಡಿಗ್ರಿ ಇರುತ್ತದೆ, ಹಾಗಾಗಿ ಪ್ರೆಷರ್ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟುವ ಹಾಗಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ಕೈ ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು, ಪೇಸ್ಟ್ ಗೀಸ್ಟ್ ಹಚ್ಚಬಾರದು. ಇಷ್ಟನ್ನೂ ಅವನ ಬಾಯಲ್ಲೇ ಹೇಳಿಸಿದ ಮೇಲೇ ಸ್ಟೌ ಹಚ್ಚಲು ಬಿಟ್ಟಿದ್ದು.

ಬಟಾಣಿ ಸುಲಿಯೋಕೆ, ಚಪಾತಿ ಲಟ್ಟಿಸೋಕೆ ಮಕ್ಕಳನ್ನು ಕೂರಿಸುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅದರಲ್ಲಿ ಕೈ ಮಾತ್ರ ಮಕ್ಕಳದು, ಯೋಚನೆಯೆಲ್ಲ ದೊಡ್ಡವರದು. ನನಗೆ ಬೇಕಾಗಿದ್ದದ್ದು ಆ ಯೋಚನೆಯನ್ನೇ ಅವನಿಗೆ ಬಿಟ್ಟುಕೊಡುವುದು. ಅನ್ನ, ಟೊಮೇಟೊ ಸಾರು, ಹುರುಳಿಕಾಯಿ ಪಲ್ಯ, ಹಪ್ಪಳ ಅಂತ ಅವನು ಬೆಳಿಗ್ಗೆಯೇ ಹೇಳುತ್ತಾನೆ. ಹೇಳಿದ ಮೇಲೆ ಬೇಳೆ ಡಬ್ಬ ತೆಗೆದು ನೋಡಬೇಕಾದವನೂ ಅವನೇ. ಕೊತ್ತಂಬರಿ ಸೊಪ್ಪು ಇಲ್ಲ ಅಂದರೆ ಅಂಗಡಿಗೆ ಓಡಬೇಕಾದವನೂ ಅವನೇ. 8 ಗಂಟೆಗೆ ಎಲ್ಲರ ತಟ್ಟೆಗೂ ಬಿಸಿಬಿಸಿ ಬೀಳಬೇಕು. ಅಂದರೆ ಅಕ್ಕಿ ಯಾವಾಗ ನೆನೆಹಾಕಬೇಕು, ಬೇಳೆ ಬೇಯುವಷ್ಟರಲ್ಲಿ ಯಾವುದನ್ನು ಹೆಚ್ಚಿಕೊಳ್ಳಬೇಕು? ಮೊದಮೊದಲು ಪಲ್ಯ ಆರಿ ಹೋದ ಮೇಲೆ ಅನ್ನ ಆಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಈಗ ಕುಕ್ಕರ್ ಇಟ್ಟಮೇಲೇ ಹುರುಳಿಕಾಯಿಗೆ ಕೈ ಹಾಕುತ್ತಾನೆ.

ಸೋನಾ ಮಸೂರಿಗೆ 1 ಲೋಟಕ್ಕೆ 2.5 ಲೋಟ ನೀರು ಅಂತ ನಾನು ಹೇಳಿಕೊಟ್ಟಿದ್ದೇನೆ. ಅಜ್ಜಿಯ ಹತ್ತಿರ ಇಂಥ ಲೆಕ್ಕ ನಡೆಯುವುದಿಲ್ಲ.

“ಅಜ್ಜಿ, ಹುಣಸೆಹಣ್ಣು ಎಷ್ಟು?”

“ಗೋಲಿ ಗಾತ್ರ ಸಾಕು ಮಗಾ. ಟೊಮೇಟೊ ಹುಳಿ ಇದೆಯಾ ನೋಡ್ಕೊಂಡು ಹಾಕು.”

ಅದು ನನಗೆ ತುಂಬಾ ಇಷ್ಟ. ನೋಡ್ಕೊಂಡು ಹಾಕು ಅಂದಾಗ ಅವನು ಟೊಮೇಟೊ ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಹುಣಸೆಹಣ್ಣನ್ನು ಒಂಚೂರು ಕಿತ್ತು ವಾಪಸ್ ಡಬ್ಬಕ್ಕೆ ಹಾಕುತ್ತಾನೆ.

ಒಗ್ಗರಣೆ ಹಾಕುವಾಗ ಅವನನ್ನು ನೋಡಬೇಕು. ನೀರಿದ್ದರೆ ಸಿಡಿಯುತ್ತದೆ ಅಂತ ತೊಳೆದ ಕರಿಬೇವನ್ನು ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಾನೆ. ತುಪ್ಪ ಕಾದಿದೆಯಾ ಅಂತ ಮೊದಲು ಒಂದೆರಡೇ ಕಾಳು ಸಾಸಿವೆ ಹಾಕುತ್ತಾನೆ. ಚಟ್ ಅಂದರೆ ಉಳಿದದ್ದು. ಆಮೇಲೆ ಒಣಮೆಣಸಿನಕಾಯಿ, ಇಂಗು. ಕರಿಬೇವು ಹಾಕಿದ ತಕ್ಷಣ ಒಂದು ಹೆಜ್ಜೆ ಹಿಂದೆ.

ಊಟಕ್ಕೆ ಕೂತಾಗ ನಾವು ಸುಮ್ನೆ ಹೊಗಳುವುದಿಲ್ಲ. ಉಪ್ಪು ಕಮ್ಮಿ ಇದ್ದರೆ ಕಮ್ಮಿ ಅಂತೀವಿ. ದೊಡ್ಡವರ ಅಡುಗೆಗೂ ಹಾಗೇ ಹೇಳ್ತೀವಿ ಅಲ್ವಾ? ಆದರೆ ಬೇರೆ ಏನಾದರೂ ತರಿಸಿಕೊಂಡು ತಿನ್ನುವ ಮಾತಿಲ್ಲ. ಅವನು ಮಾಡಿದ್ದೇ ಅವತ್ತಿನ ಊಟ.

ಹುಡುಗನಿಗೆ ಯಾಕೆ ಇದೆಲ್ಲ ಅಂತ ಕೇಳುವವರೂ ಇದ್ದಾರೆ. ಹಸಿವು ಹುಡುಗರಿಗೂ ಆಗುತ್ತದೆ, ಅಷ್ಟೇ ನನ್ನ ಉತ್ತರ.

ಪಾತ್ರೆ ಯಾರು ತೊಳೀತಾರೆ ಅಂತಲೂ ಕೇಳುತ್ತಾರೆ. ಅಡುಗೆ ಮಾಡಿದವರು ತೊಳೆಯುವ ಹಾಗಿಲ್ಲ. ಶನಿವಾರ ಆ ಕೆಲಸ ನನ್ನದು ಮತ್ತು ಅವರಪ್ಪನದು.